‘ಗೊತ್ತಿಲ್ಲ’ಕ್ಕೊಂದು ಚೌಕ

ಠಾಣೆಯ ನೌಪಾಡಾದ ಒಂದು ಪುಟ್ಟ ಸಭಾಂಗಣದಲ್ಲಿ ನನ್ನ ಹಳೆಯ ಮೇಲಧಿಕಾರಿಯ ಶ್ರದ್ಧಾಂಜಲಿ ಸಭೆ ನಡೆಯಿತು. ನಮ್ಮ ಆಫೀಸಿನ ಹಳೆಯ ಸಾಹೇಬರು ಮೈಕಿನ ಮುಂದೆ ನಿಂತು, ಕನ್ನಡಕ ತೆಗೆದು ಒರೆಸಿಕೊಂಡು, "ಅವರು ಎಂದೂ ಯಾರನ್ನೂ ಒಂದು ಪ್ರಶ್ನೆ ಕೇಳಿದವರಲ್ಲ" ಎಂದರು. ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡು, ಅದಕ್ಕೇ ಇದೇ ಸಾಹೇಬರಿಂದ ಸಂಬಳ ಪಡೆದ ಹೆಂಗಸಿನ ಬಗ್ಗೆ ಈ ಮಾತು! ಯಾರೂ ನಗಲಿಲ್ಲ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಆಮೇಲೆ ಅವರ ಕಟ್ಟಡದ ಸೊಸೈಟಿ ಕಾರ್ಯದರ್ಶಿ ಎದ್ದು ಅವರ ಕೈಯ ನೀರುದೋಸೆಯ ರುಚಿಯನ್ನು ಬಹಳ ಹೊತ್ತು ಹೊಗಳಿದರು. ನನ್ನ ಪಕ್ಕದಲ್ಲಿ ಕೂತಿದ್ದ ಅವರ ಮಗ ನನ್ನ ಕಡೆ ಬಗ್ಗಿ, "ಮಮ್ಮೀ ನೇ ನೀರ್‌ದೋಸಾ ಕಬ್ ಬನಾಯಾ?" ಎಂದು ಪಿಸುಗುಟ್ಟಿದ; ಅಮ್ಮ ನೀರುದೋಸೆ ಮಾಡಿದ್ದು ಯಾವಾಗ ಎಂದು. ಕಣ್ಣು ಕೆಂಪಾಗಿದ್ದರೂ ಅವನಿಗೆ ನಿಜವಾಗಿಯೂ ಉತ್ತರ ಬೇಕಿತ್ತು.

ಆ ಮನೆಗೆ ನೀರುದೋಸೆ ಬರುತ್ತಿದ್ದದ್ದು ಹೌದು. ಅದು ಅದೇ ಬೀದಿಯಲ್ಲಿದ್ದ ಅವರ ಗಂಡನ ಹೋಟೆಲಿನಿಂದ ಸ್ಟೀಲಿನ ಡಬ್ಬಿಯಲ್ಲಿ ಬರುತ್ತಿತ್ತು. ಅಡುಗೆ ಎಂದರೆ ಅವರಿಗೆ ಅಷ್ಟಕ್ಕಷ್ಟೇ. "ಇಪ್ಪತ್ತು ಜನ ಅಡುಗೆ ಮಾಡುವ ಮನೆಗೆ ಮದುವೆ ಆಗಿ ಬಂದವಳು ನಾನು, ಇಪ್ಪತ್ತೊಂದನೆಯವಳು ಯಾಕೆ ಬೇಕು?" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ನವಿ ಮುಂಬಯಿಯ ಮಹಾಪೆಯ ಆಫೀಸಿನಲ್ಲಿ, ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದಾಗ. ನಮ್ಮದು ಸರ್ವೇ ಕಂಪನಿ. ಜನ ಏನು ಕೊಳ್ಳುತ್ತಾರೆ, ಏನು ತಿನ್ನುತ್ತಾರೆ, ಏಕೆ ಎಂದು ಮನೆಮನೆಗೆ ಹೋಗಿ ಕೇಳಿ, ಆ ಉತ್ತರಗಳನ್ನು ದೊಡ್ಡ ಕಂಪನಿಗಳಿಗೆ ಮಾರುವುದು ನಮ್ಮ ಕೆಲಸ. ಮನೆಮನೆಗೆ ಹೋಗುವವರು ಬೇರೆ. ಅವರ ಕೈಗೆ ಕೊಡುವ ಪ್ರಶ್ನೆಗಳನ್ನು ಬರೆಯುವ ವಿಭಾಗಕ್ಕೆ ಇವರು ಮುಖ್ಯಸ್ಥೆ. ಆಫೀಸಿನ ಮರಾಠಿಯವರು ಅವರನ್ನು ‘ತಾಯಿ’ ಎನ್ನುತ್ತಿದ್ದರು; ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಬೆಂಗಳೂರಿನಿಂದ ಹೊಸದಾಗಿ ಬಂದ ಒಬ್ಬಾತ, ಇಡೀ ಆಫೀಸು ಈಕೆಯನ್ನು ಹೆತ್ತ ತಾಯಿಯಂತೆ ಕಾಣುತ್ತದೆಂದು ತಿಳಿದು, ಬಂದ ದಿನವೇ ಕಾಲು ಮುಟ್ಟಿ ನಮಸ್ಕರಿಸಿದ್ದನಂತೆ. ಇವರು ಆಶೀರ್ವಾದ ಮಾಡಿ, ಅವನು ಬರೆದು ತಂದಿದ್ದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿ ಕಳಿಸಿದರಂತೆ.

ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳಾದರೂ ಮನೆಯವರು ಉಡುಪಿ ಕಡೆಯವರು. ಇವರು ಕುಂದಾಪುರದ ಕಡೆಯವರೆಂದು ತಿಳಿದ ಮೇಲೆ ‘ಮೇಡಂ’ ಬಿಟ್ಟು ‘ಅಕ್ಕ’ ಎಂದೆ. ಅವರು ಅದನ್ನು ಒಪ್ಪಿಕೊಂಡರು. ಆದರೆ ನಾನು ಬರೆದದ್ದನ್ನು ಒಪ್ಪಿಕೊಳ್ಳಲಿಲ್ಲ.

ನನಗೆ ಸಿಕ್ಕ ಮೊದಲ ಕೆಲಸ, ಮಕ್ಕಳಿಗಾಗಿ ಹಾಲಿಗೆ ಬೆರೆಸುವ ಪುಡಿ ಮಾಡುವ ಒಂದು ಕಂಪನಿಯದು. ಮೂರರಿಂದ ಆರು ವರ್ಷದ ಮಕ್ಕಳು ಏನು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ ಎಂದು ಠಾಣೆಯಿಂದ ಕಲ್ಯಾಣದವರೆಗಿನ ಅಪ್ಪ ಅಮ್ಮಂದಿರನ್ನು ಕೇಳಬೇಕಿತ್ತು. ನಾನು ಉತ್ಸಾಹದಿಂದ ಮೊದಲ ಪ್ರಶ್ನೆ ಬರೆದೆ: ‘ನಿಮ್ಮ ಮಗುವಿಗೆ ದಿನವೂ ಪೌಷ್ಟಿಕ ಆಹಾರ ಕೊಡುತ್ತೀರಾ?’

ಅಕ್ಕ ಅದನ್ನು ಓದಿ, ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದರು. "ಇದಕ್ಕೆ ಇಲ್ಲ ಅಂತ ಹೇಳುವ ತಾಯಿ ಎಲ್ಲಿ ಉಂಟು? ಸಿಕ್ಕಿದ್ರೆ ನನಗೆ ತೋರಿಸು, ನಾನೇ ಹೋಗಿ ಹಾರ ಹಾಕಿ ಬರ್ತೇನೆ."

"ಮತ್ತೆ ಹೇಗೆ ಕೇಳುವುದು ಅಕ್ಕ?"

ಆಗ ಅವರು ತಮ್ಮ ಹೆಸರಾಂತ ಪರೀಕ್ಷೆ ಮಾಡಿ ತೋರಿಸಿದರು. ಕುರ್ಚಿಯಿಂದ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಸೊಂಟದ ಮೇಲಿಟ್ಟು, ಅತ್ತೆಯ ದನಿಯಲ್ಲಿ ನನ್ನ ಪ್ರಶ್ನೆಯನ್ನು ಓದಿದರು: "ನಿಮ್ಮ ಮಗುವಿಗೆ... ದಿನವೂ... ಪೌಷ್ಟಿಕ ಆಹಾರ... ಕೊಡುತ್ತೀರಾ?" ಪಕ್ಕದ ಮೇಜಿನ ಹುಡುಗಿಯರು ನಗತೊಡಗಿದರು. "ಕೇಳಿಸ್ತಾ? ಬೈತಾ ಉಂಟು. ಬೈಯುವ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ ಮಾರಾಯ್ತಿ, ತಪ್ಪಿಸಿಕೊಳ್ತಾರೆ."

ಯಾವ ಪ್ರಶ್ನೆಯನ್ನಾದರೂ ಅತ್ತೆಯ ದನಿಯಲ್ಲಿ ಓದಿ ನೋಡುವುದು ನಮ್ಮ ವಿಭಾಗದ ಪದ್ಧತಿಯಾಗಿತ್ತು. ಹೊರಗಿನವರು ಬಂದರೆ, ಸೆರಗು ಸಿಕ್ಕಿಸಿ ಸೊಂಟದ ಮೇಲೆ ಕೈಯಿಟ್ಟು ಗದರಿಕೊಳ್ಳುತ್ತಿರುವ ಹೆಂಗಸರನ್ನು ಕಂಡು ಇದೇನು ನಾಟಕದ ಕಂಪನಿಯೇ ಎಂದುಕೊಳ್ಳುತ್ತಿದ್ದರು.

ಪೌಷ್ಟಿಕ ಎಂಬ ಮಾತು ಹೋಯಿತು. ಅದರ ಜಾಗಕ್ಕೆ ಅಕ್ಕ ಬರೆದದ್ದು ಇಷ್ಟೇ: ‘ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮಗು ಏನೇನು ಬಾಯಿಗೆ ಹಾಕಿಕೊಂಡಿತು?’ ಮೊದಲು ಕೆಲವು ಮನೆಗಳಲ್ಲಿ ಕೇಳಿಸಿ ನೋಡಿದಾಗ ಈ ಪ್ರಶ್ನೆಗೆ ಉತ್ತರಗಳ ಮಳೆ ಸುರಿಯಿತು. ಕಲ್ಯಾಣದ ಒಬ್ಬ ತಾಯಿ ಸೀಮೆಸುಣ್ಣ, ರಬ್ಬರು, ಅಜ್ಜನ ಬಿ.ಪಿ. ಮಾತ್ರೆಯ ಖಾಲಿ ಹಾಳೆ ಎಂದು ಬರೆಸಿ, ಕೊನೆಗೆ ನೆನಪಾಗಿ, "ಹಾಂ, ಸ್ವಲ್ಪ ಅನ್ನವೂ" ಎಂದಳು. ಅಪ್ಪಂದಿರು ಬೇರೆಯೇ ಜಾತಿ. ಪ್ರಶ್ನೆ ಕೇಳಿದೊಡನೆ ಅವರ ಕತ್ತು ತಾನಾಗಿ ಅಡುಗೆಮನೆಯ ಕಡೆ ತಿರುಗುತ್ತಿತ್ತು. ಅಲ್ಲಿಂದ ಉತ್ತರ ಬಂದ ಮೇಲೆ ಅದನ್ನೇ ಗಂಭೀರವಾಗಿ, ತಮ್ಮದೇ ಎಂಬಂತೆ ನಮ್ಮವರಿಗೆ ಹೇಳುತ್ತಿದ್ದರು.

ಪುಡಿ ಕಂಪನಿಯವರಿಗೆ ಮಾತ್ರ ಇದರಲ್ಲಿ ಸ್ವಾರಸ್ಯ ಕಾಣಲಿಲ್ಲ. ಅವರ ಬ್ರ್ಯಾಂಡ್ ಮ್ಯಾನೇಜರ್ ಎಂಬ ತರುಣ ತನ್ನದೇ ಒಂದು ಪ್ರಶ್ನೆ ತಂದಿದ್ದ: ‘ನಿಮ್ಮ ಮಗು ಊಟಕ್ಕೆ ಹಠ ಮಾಡುತ್ತದೆಯೇ? ಯಾವಾಗಲೂ, ಹೆಚ್ಚಾಗಿ, ಆಗಾಗ, ಕೆಲವೊಮ್ಮೆ.’ ಆರಿಸಿಕೊಳ್ಳಬೇಕಾದ ಉತ್ತರಗಳು ಅಷ್ಟಕ್ಕೆ ಮುಗಿದಿದ್ದವು.

"ಹಠವೇ ಮಾಡದ ಮಗು ಎಲ್ಲಿಗೆ ಹೋಗ್ಬೇಕು?" ಎಂದು ಅಕ್ಕ ಹಿಂದಿಯಲ್ಲಿ ಕೇಳಿದರು.

"ಮ್ಯಾಡಮ್, ಅಂಥ ಮಗು ನಮ್ಮ ಟಾರ್ಗೆಟ್ ಅಲ್ಲ" ಎಂದ ಅವನು, ಬಹಳ ವಿನಯದಿಂದ.

ಮೂಲೆಯಲ್ಲಿದ್ದ ನಮ್ಮ ಸಾಹೇಬರು ನಗುತ್ತ ಅಕ್ಕನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಆ ಸನ್ನೆಗೆ ಅರ್ಥವಿತ್ತು. ಅಕ್ಕನಿಗೆ ನಿವೃತ್ತಿಯ ವಯಸ್ಸು ದಾಟಿತ್ತು. ಸಾಹೇಬರು ವರ್ಷ ವರ್ಷವೂ ಮನಸ್ಸು ಮಾಡಿ ಮುಂದುವರಿಸುತ್ತಿದ್ದರು. ಪುಡಿ ಕಂಪನಿ ದೊಡ್ಡ ಗಿರಾಕಿ. ಅವರು ಮುನಿಸಿಕೊಂಡರೆ ಆ ಮನಸ್ಸು ಬದಲಾಗಬಹುದು. ಅಕ್ಕ ಆ ಪ್ರಶ್ನೆಯನ್ನು ಹಾಗೇ ಬಿಟ್ಟರು.

ಪ್ರಶ್ನೆಗಳು ಒಂದು ಹದಕ್ಕೆ ಬಂದ ಮೇಲೆ, ಅಚ್ಚಿಗೆ ಕಳಿಸುವ ಮುಂಚೆ, ಅಕ್ಕ ಒಂದೆರಡು ಮನೆಗೆ ತಾವೇ ಹೋಗಿ ಕೇಳಿ ನೋಡುತ್ತಿದ್ದರು. ಹಾಗೆ ಒಂದು ಭಾನುವಾರ ನಾವಿಬ್ಬರೂ ಡೊಂಬಿವಲಿಯ ಪಕ್ಕದ ಠಾಕುರ್ಲಿಗೆ ಹೋದೆವು. ರೈಲು ಹಳಿಗೆ ಅಂಟಿಕೊಂಡಂಥ ಕಟ್ಟಡ. ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಒಂದು ಸಂಸಾರ: ಅತ್ತೆ, ಮಗ, ಸೊಸೆ, ನಾಲ್ಕು ವರ್ಷದ ಹುಡುಗಿ. ಮಗ ಹೊರಗೆ ಹೋಗಿದ್ದ. ಪ್ರಶ್ನೆ ತಾಯಿಗೆ ಎಂದು ನಾವು ಎಷ್ಟು ಹೇಳಿದರೂ ಉತ್ತರ ಅತ್ತೆಯದೇ.

"ನಮ್ಮ ಹುಡುಗಿ ಅಗದೀ ಛಲೋ ಉಣ್ತಾಳ್ರೀ. ರೊಟ್ಟಿ, ಝುಣಕ, ಕಾಯಿಪಲ್ಲೆ. ಹೊರಗಿನ ತಿಂಡಿ ನಮ್ಮ ಹೊಸ್ತಿಲಾ ದಾಟಂಗಿಲ್ಲ."

ಹೊಸ್ತಿಲು ದಾಟದ ಆ ತಿಂಡಿಯ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಹುಡುಗಿ ನಮ್ಮ ಎದುರಿಗೇ ನೆಲದ ಮೇಲೆ ಕೂತಿದ್ದಳು. ಅವಳ ಐದೂ ಬೆರಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಒಂದೊಂದನ್ನೇ ನೆಕ್ಕುತ್ತ ಅಜ್ಜಿಯ ಮಾತನ್ನು ಗಮನವಿಟ್ಟು ಕೇಳುತ್ತಿದ್ದಳು. ಸೊಸೆ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ಅಕ್ಕ ಅತ್ತೆ ಹೇಳಿದ್ದನ್ನೆಲ್ಲ ಬರೆದುಕೊಂಡರು. ಆಮೇಲೆ ಪೆನ್ಸಿಲು ಕೆಳಗಿಟ್ಟು, "ಅಮ್ಮ, ಈ ಝುಣಕ ಗಂಟು ಆಗದ ಹಾಗೆ ಮಾಡುವುದು ಹೇಗೆ? ನಾನು ಯಾವಾಗ ಮಾಡಿದ್ರೂ ಗಂಟು ಕಟ್ತದೆ" ಎಂದರು.

ಜೀವಮಾನದಲ್ಲಿ ಒಮ್ಮೆಯೂ ಝುಣಕ ಮಾಡದ ಹೆಂಗಸು! ಅತ್ತೆಯ ಮುಖ ಅರಳಿತು. "ಹಿಟ್ಟ ಯಾವಾಗ ಹಾಕಬೇಕಂತ ನಿಮಗ ಗೊತ್ತಿಲ್ಲ, ಬರ್ರಿ ಒಳಗ" ಎಂದು ಅಕ್ಕನ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಹೋಗುತ್ತ ಅಕ್ಕ ನನ್ನತ್ತ ಒಮ್ಮೆ ನೋಡಿದರು. ನಾನು ಸೊಸೆಯನ್ನು ಕಿಟಕಿಯ ಹತ್ತಿರ ಕರೆದೆ.

"ನಿನ್ನೆ ಮಗು ಮಧ್ಯಾಹ್ನ ಏನು ತಿಂದಳು?"

ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಾ ಬೆಳಿಗ್ಗೆ ಲೋಕಲ್ ಹಿಡದು ಠಾಣೇಕ ಹೋಗ್ತೀನ್ರಿ, ಶನಿವಾರನೂ ಡ್ಯೂಟಿ. ಡಬ್ಬಿ ಕಟ್ಟಿ ಇಟ್ಟಿರ್ತೀನಿ. ಸಂಜೀಕ ಬಂದಾಗ ಖಾಲಿ ಇರ್ತದ. ಯಾರು ತಿಂದ್ರು ಅಂತ ಡಬ್ಬಿ ಹೇಳಂಗಿಲ್ಲಲ್ರಿ."

"ಅತ್ತೆಯನ್ನು ಕೇಳುವುದಿಲ್ಲವಾ?"

"ಕೇಳಿದ್ರ ‘ಉಂಡಾಳ’ ಅಂತಾರ. ಮತ್ತ ಕೇಳಿದ್ರ ‘ನನ್ನ ಮ್ಯಾಲ ನಂಬಿಕಿ ಇಲ್ಲೇನು’ ಅಂತಾರ. ಮಗಳನ್ನ ನೋಡ್ಕೊಳ್ಳಾವ್ರು ಅವ್ರು. ಜಗಳಾ ಮಾಡಿ ನಾ ಎಲ್ಲಿಗೆ ಹೋಗ್ಲಿ?"

ನಾನು ಕಾಗದದಲ್ಲಿ ಗುರುತು ಹಾಕಲು ಕೊಟ್ಟಿದ್ದ ಉತ್ತರದ ಚೌಕಗಳನ್ನು ಓದಿದೆ: ರೊಟ್ಟಿ ಅಥವಾ ಚಪಾತಿ, ಅನ್ನ, ಬಿಸ್ಕತ್ತು, ಬೇರೆ ತಿಂಡಿ, ಏನೂ ಇಲ್ಲ. ಅವಳು ಇನ್ನೊಮ್ಮೆ ಓದಿಸಿಕೊಂಡಳು.

"ಇದರಾಗ ನಂದು ಇಲ್ರಿ" ಎಂದಳು. ಕಣ್ಣು ತುಂಬಿಕೊಂಡಿತ್ತು. "ಗೊತ್ತಿಲ್ಲ ಅಂತ ಬರೀರಿ."

ಅದಕ್ಕೆ ಜಾಗವಿಲ್ಲವೆಂದು ನಾನು ಹೇಳಬೇಕಾಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾದ್ರ ಚಪಾತಿ ಅಂತ ಬರ್ಕೊಳ್ರಿ. ಛಲೋ ಕಾಣ್ತದ."

ಹಿಂತಿರುಗುವ ಲೋಕಲ್‌ನಲ್ಲಿ ನಾನು ಇದನ್ನೆಲ್ಲ ಹೇಳಿದೆ. ಕೋಪರ್ ಸ್ಟೇಷನ್ ದಾಟುವಾಗ ಅಕ್ಕ ತಮ್ಮ ಮನೆಯ ಕತೆ ತೆಗೆದರು.

"ನನ್ನ ಮಗ ಹೋಟೆಲಿನ ಗಲ್ಲಾಪೆಟ್ಟಿಗೆಯ ಕೆಳಗೇ ದೊಡ್ಡವನಾದದ್ದು. ನಾನು ಮುಂಬಯಿ ಫೋರ್ಟಿನ ಆಫೀಸಿಗೆ ಹೋಗುತ್ತಿದ್ದ ಕಾಲ. ಮನೆಗೆ ಬಂದು ಮಗು ಏನು ತಿಂತು ಅಂತ ಕೇಳಿದ್ರೆ ನಮ್ಮವರು ಗಿರಾಕಿಗಳ ಚಿಲ್ಲರೆ ನೋಡ್ತಾ ‘ತಿಂದಿದ್ದಾನೆ’ ಅಂತ ಹೇಳ್ತಿದ್ರು. ಅಷ್ಟೇ ಡಾಟಾ. ನಾನು ಊರಿನವರ ಮಕ್ಕಳ ಹೊಟ್ಟೆಯ ಲೆಕ್ಕ ಬರೆದವಳು. ನನ್ನವನ ಹೊಟ್ಟೆಗೆ ಏನು ಬಿತ್ತು ಅಂತ ಇವತ್ತಿಗೂ ಗೊತ್ತಿಲ್ಲ."

ಆಮೇಲೆ, "ಆ ಸೊಸೆ ಚಪಾತಿ ಅಂತ ಹೇಳಿ ತಪ್ಪಿಸಿಕೊಂಡಳಲ್ಲ, ಅದು ಅವಳ ಸುಳ್ಳಲ್ಲ, ನಾವು ಹೇಳಿಸಿದ್ದು" ಎಂದರು.

ಮರುದಿನ ಪ್ರತಿ ಪ್ರಶ್ನೆಯ ಕೆಳಗೆ ಒಂದು ಹೊಸ ಚೌಕ ಹುಟ್ಟಿಕೊಂಡಿತು: ‘ಗೊತ್ತಿಲ್ಲ’. ಅಚ್ಚಾಗಿ ಹೋಗಿ, ಉತ್ತರಗಳು ಬಂದು, ಎಣಿಸಿ ನೋಡಿದಾಗ ಎಲ್ಲರಿಗೂ ಗಾಬರಿ. ಆ ಚೌಕಕ್ಕೆ ಗುರುತು ಹಾಕಿದವರು ಅಷ್ಟು ಜನ. ಸಾಹೇಬರು ಅಕ್ಕನನ್ನು ಒಳಗೆ ಕರೆದರು. ಗಾಜಿನ ಗೋಡೆ ತೆಳ್ಳಗಿದ್ದುದರಿಂದ ಎಲ್ಲವೂ ಕೇಳಿಸಿತು.

"ಗೊತ್ತಿಲ್ಲ ಅನ್ನೋದನ್ನ ಯಾರು ಕೊಳ್ತಾರೆ, ತಾಯಿ? ನಾವೇನು ಅಜ್ಞಾನ ಮಾರುವ ಅಂಗಡಿ ಇಟ್ಟಿದ್ದೇವಾ? ಇವನ್ನೆಲ್ಲ ‘ಹಠ ಮಾಡುತ್ತದೆ’ಗೆ ಸೇರಿಸಿಬಿಡಿ."

"ಅವರು ಹಾಗೆ ಹೇಳಲಿಲ್ಲ, ಸರ್."

"ಮುಂದಿನ ವರ್ಷದ ಬಗ್ಗೆಯೂ ಸ್ವಲ್ಪ ಯೋಚಿಸಬೇಕಲ್ಲ ನೀವು."

"ಮುಂದಿನ ವರ್ಷ ಇಟ್ಟುಕೊಳ್ಳಬೇಡಿ. ಈ ವರ್ಷ ಸೇರಿಸುವುದಿಲ್ಲ."

ಕಂಪನಿಯವರ ಮುಂದೆ ವರದಿ ಓದುವ ದಿನ ಸಾಹೇಬರು ದೇವರ ಕೋಣೆಗೆ ಬಂದವರಂತೆ ಕೈಮುಗಿದೇ ಕೂತಿದ್ದರು. ಉದ್ದನೆಯ ಮೇಜು, ಗೋಡೆಯ ಮೇಲೆ ಬಣ್ಣದ ಕಂಬಗಳ ಚಿತ್ರ. ಬೂದು ಬಣ್ಣದ ‘ಗೊತ್ತಿಲ್ಲ’ ಕಂಬ ಬಂದಾಗ ಮಾರ್ಕೆಟಿಂಗ್‌ನ ದೊಡ್ಡ ಅಧಿಕಾರಿ ಹುಬ್ಬು ಗಂಟಿಕ್ಕಿದ.

"ಇವರೆಂಥ ತಾಯಂದಿರು! ಮಗು ಏನು ತಿಂತು ಅಂತಲೂ ಗೊತ್ತಿಲ್ಲವೇ?"

"ಸರ್, ನಿಮಗೆ ಚಿಕ್ಕ ಮಕ್ಕಳಿದ್ದಾರಾ?" ಎಂದರು ಅಕ್ಕ.

"ಅವಳಿ. ನಾಲ್ಕು ವರ್ಷ" ಎಂದ ಅವನು ಹೆಮ್ಮೆಯಿಂದ.

"ನಿನ್ನೆ ಮಧ್ಯಾಹ್ನ ಏನು ತಿಂದ್ರು?"

ಎಲ್ಲರೂ ನಕ್ಕರು. ಅವನೂ ನಕ್ಕು, "ಈಗಲೇ ಹೇಳ್ತೇನೆ" ಎಂದು ಮನೆಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಪ್ರಶ್ನೆ ಕೇಳಿದ. ಆ ಕಡೆಯಿಂದ ಹೆಂಡತಿಯ ದನಿ ಚೀರಿತು.

"ಯಾಕೆ? ಏನಾಯ್ತು? ಸ್ಕೂಲಿನಿಂದ ಫೋನ್ ಬಂತಾ? ಯಾರಿಗೆ ಏನಾಯ್ತು?"

"ಏನೂ ಆಗಿಲ್ಲ. ಸುಮ್ನೆ ಕೇಳ್ದೆ."

"ಸುಮ್ನೆ? ನಾಲ್ಕು ವರ್ಷದಿಂದ ಕೇಳದವರು ಇವತ್ತು ಸುಮ್ನೆ? ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?" ಮೇಜಿನ ಸುತ್ತ ಎಲ್ಲರೂ ತಲೆ ತಗ್ಗಿಸಿ ಕಾಗದ ನೋಡತೊಡಗಿದರು. ಆ ಕಡೆ ದನಿ ಸ್ವಲ್ಪ ಇಳಿಯಿತು. "ತಡೀರಿ, ಕೆಲಸದವಳನ್ನು ಕೇಳಿ ಹೇಳ್ತೇನೆ. ನಿನ್ನೆ ಅವಳೇ ಕೊಟ್ಟದ್ದು."

ಅಧಿಕಾರಿ ಫೋನು ಮುಚ್ಚಿ ಜೇಬಿಗೆ ಹಾಕಿಕೊಂಡ. ‘ಗೊತ್ತಿಲ್ಲ’ ಕಂಬದ ಬಗ್ಗೆ ಆ ದಿನ ಮತ್ತೆ ಯಾರೂ ಮಾತಾಡಲಿಲ್ಲ. ವರದಿ ಇದ್ದಂತೆಯೇ ಸ್ವೀಕಾರವಾಯಿತು. ಸಂಜೆ ಮಹಾಪೆಯ ರಸ್ತೆಬದಿಯ ಟಪರಿಯಲ್ಲಿ ನಾವು ಹುಡುಗಿಯರು ಅಕ್ಕನಿಗೆ ಚಹಾ ಕುಡಿಸಿ, ಗೆದ್ದೆವೆಂದು ಕುಣಿದಾಡಿದೆವು. ಅಕ್ಕನೂ ಅಂದು ಎರಡು ವಡಾಪಾವ್ ತಿಂದರು.

ಆ ಸಂತೋಷ ಕೆಲವು ತಿಂಗಳು ಬಾಳಿತು. ಒಂದು ಬೆಳಿಗ್ಗೆ ಠಾಣೆ ಸ್ಟೇಷನ್ನಿನ ಹೊರಗೆ ಹೊಸ ಜಾಹೀರಾತು ಫಲಕ ಎದ್ದು ನಿಂತಿತ್ತು. ಆಫೀಸಿನ ಉಡುಪಿನಲ್ಲಿ ಒಬ್ಬ ತಾಯಿ, ಹೆಗಲಿಗೆ ಪರ್ಸು, ಕೈಯಲ್ಲಿ ತೆರೆದ ಖಾಲಿ ಡಬ್ಬಿ, ಮುಖದ ತುಂಬ ಆತಂಕ. ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರ: ‘ನಿಮ್ಮ ಮಗು ಇಂದು ಏನು ತಿಂದಿತು? ಗೊತ್ತಿಲ್ಲವೇ?’ ಕೆಳಗೆ ಪುಡಿಯ ಡಬ್ಬ, ಪಕ್ಕದಲ್ಲಿ: ‘ಗೊತ್ತಿರುವುದನ್ನೇ ಕೊಡಿ.’

ಅಕ್ಕ ಜನರ ನೂಕುನುಗ್ಗಲಿನ ನಡುವೆ ಅದರ ಕೆಳಗೆ ನಿಂತುಬಿಟ್ಟರು. ನಾನು ಕೈಹಿಡಿದು ಪಕ್ಕಕ್ಕೆ ಎಳೆದೆ.

"ಚೆಂದ ಬರೆದಿದ್ದಾರೆ ಮಾರಾಯ್ತಿ" ಎಂದರು. "ಒಂದು ಶಬ್ದ ಹೆಚ್ಚಿಲ್ಲ."

ಆಫೀಸಿಗೆ ಹೋದವರೇ ಸಾಹೇಬರ ಕೋಣೆಗೆ ಹೋಗಿ, ಪುಡಿ ಕಂಪನಿಯ ಕೆಲಸ ಇನ್ನು ತಮಗೆ ಬೇಡ ಎಂದರು. ಸಾಹೇಬರಿಗೆ ಆಶ್ಚರ್ಯ. ಕಂಪನಿಗೆ ಆ ಚೌಕ ಎಷ್ಟು ಹಿಡಿಸಿತ್ತೆಂದರೆ ಇನ್ನೊಂದು ಸುತ್ತು ಸರ್ವೇಗೆ ಆರ್ಡರು ಕೊಟ್ಟಿದ್ದರು. ಅಕ್ಕನನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಲು ಸಾಹೇಬರು ಸಂತೋಷದಿಂದ ಸಿದ್ಧರಾಗಿದ್ದರು. ಅಕ್ಕ ಒಪ್ಪಲಿಲ್ಲ. ಕೊನೆಗೆ ಬಟ್ಟೆ ಒಗೆಯುವ ಸಾಬೂನಿನ ಸರ್ವೇ ಕೊಟ್ಟರು. "ಅದು ಆಗಬಹುದು. ಕೊಳೆ ಬಟ್ಟೆಗೆ ಯಾರೂ ಹೆದರಿ ಅಳುವುದಿಲ್ಲ" ಎಂದು ತೆಗೆದುಕೊಂಡರು.

ಆದರೆ ಅವರ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಉತ್ತರ ಕೊಟ್ಟವರ ಮನೆಗೆ ಮತ್ತೆ ಕಾಲಿಡಬಾರದು ಎಂಬುದು ನಮ್ಮ ಕಸುಬಿನ ನಿಯಮ. ಅದನ್ನು ನನಗೆ ಕಲಿಸಿದವರೇ ಅವರು. "ನಿಯಮ ನನಗೆ ಗೊತ್ತುಂಟು. ಭಾನುವಾರ ಬರ್ತೀಯಾ?" ಎಂದು ಕೇಳಿದರು.

ಠಾಕುರ್ಲಿಯ ಆ ಮನೆಯಲ್ಲಿ ಬಾಗಿಲು ತೆರೆದದ್ದು ಸೊಸೆ. ಒಳಗೆ ಅತ್ತೆ ಮಂಚದ ಮೇಲೆ ಕಾಲು ನೀಡಿ ಕೂತು ದೊಡ್ಡ ಲೋಟದಲ್ಲಿ ಏನೋ ಕುಡಿಯುತ್ತಿದ್ದರು. ಪಕ್ಕದ ಕಪಾಟಿನಲ್ಲಿ ಅದೇ ಪುಡಿಯ ಡಬ್ಬ.

"ಮಗ ತಂದಾನ್ರಿ, ಕೂಸಿಗಂತ" ಎಂದು ಅತ್ತೆ ಲೋಟ ತೋರಿಸಿದರು. "ಆಕಿ ಥೂ ಅಂತ ಉಗುಳಿದ್ಲು. ಚೆಲ್ಲಾಕ ಬರತದೇನ್ರಿ? ನಾನ ಕುಡೀತೇನಿ. ಮೊಣಕಾಲಿಗೆ ಅಗದೀ ಛಲೋ ಐತಿ."

ಅಕ್ಕ ಸೊಸೆಯನ್ನು ಕಿಟಕಿಯ ಹತ್ತಿರ ಕರೆದು, ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತ ಹೇಳಿದರು: "ನೀವು ನಂಬಿ ಹೇಳಿದ ಮಾತನ್ನು ಅವರು ಬೋರ್ಡಿಗೆ ಹಾಕಿ ನಿಮ್ಮನ್ನೇ ಹೆದರಿಸಿದ್ದಾರೆ. ಆ ಚೌಕ ಇಟ್ಟವಳು ನಾನು. ನಿಮ್ಮ ಹತ್ತಿರ ಹೇಳದೆ ಇರಲಿಕ್ಕೆ ಆಗಲಿಲ್ಲ."

ಸೊಸೆಗೆ ಅರ್ಥವಾಗಲಿಲ್ಲ. "ಯಾವ ಬೋರ್ಡ್ರಿ? ಠಾಣೇ ಸ್ಟೇಷನ್ನಿನಾಗ? ಲೇಡೀಸ್ ಡಬ್ಬಾದಾಗಿಂದ ಇಳದ್ರ ನಂಗ ಮುಂದಿನಾಕಿ ಹೆರಳು ಬಿಟ್ಟು ಏನೂ ಕಾಣಂಗಿಲ್ಲ." ಆಮೇಲೆ ಅವಳೇ ನಕ್ಕಳು. "ಹೆದರಿಕಿ ನಂಗ ಮೊದಲ ಇತ್ರಿ, ಬೋರ್ಡ್ ಹಾಕೂದ್ರಾಗ ಏನದ? ಆದ್ರ ನೀವು ಬಂದು ಹೋದ ಮ್ಯಾಲ ಒಂದು ರೂಢಿ ಆಗೇದ. ಮಲಗೂ ಮುಂದ ದಿನಾ ಇಕೀನ್ನ ಕೇಳ್ತೀನಿ, ಇವತ್ತ ಏನೇನು ತಿಂದಿ ಅಂತ. ಒಂದೂ ಖರೇ ಹೇಳಂಗಿಲ್ಲ. ಆದ್ರ ಮಾತ ಮುಗಸಂಗಿಲ್ಲ. ಮೊದಲ ನಾ ಬಂದ್ರ ನನ್ನ ಕಡೆ ನೋಡ್ತಿದ್ದಿಲ್ರಿ."

ಅಕ್ಕ ಸೀರೆ ಸರಿಮಾಡಿಕೊಂಡು, ಮೊಣಕಾಲು ನೋವಿನಿಂದ ಮುಖ ಕಿವುಚುತ್ತ, ಬಾಗಿಲ ಹತ್ತಿರ ಕೂತಿದ್ದ ಹುಡುಗಿಯ ಎದುರಿಗೆ ನೆಲದ ಮೇಲೆ ಕೂತರು. ಆ ಮಗುವಿಗೆ ಕನ್ನಡ ತಿಳಿಯುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ.

"ಇವತ್ತು ಏನು ತಿಂದೆ?"

ಹುಡುಗಿ ಅಕ್ಕನನ್ನು ಅಳೆದು ನೋಡಿದಳು. "ಟ್ರೇನ್ ಖಾಯಾ." ಟ್ರೇನು ತಿಂದಳಂತೆ.

"ಯಾವ ಟ್ರೇನು? ಫಾಸ್ಟಾ, ಸ್ಲೋವಾ?" ಅಕ್ಕನ ಮುಖದಲ್ಲಿ ನಗುವಿನ ಸುಳಿವಿಲ್ಲ. ಆಫೀಸಿನಲ್ಲಿ ಸಾಹೇಬರನ್ನು ಕೇಳುವಾಗಲೂ ಅದೇ ಮುಖ.

"ಸ್ಲೋ," ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಫಾಸ್ಟ್ ಇಧರ್ ರುಕ್ತೀ ಹೀ ನಹೀ." ಫಾಸ್ಟ್ ಟ್ರೇನು ಅಲ್ಲಿ ನಿಲ್ಲುವುದೇ ಇಲ್ಲ.

"ಹೊಟ್ಟೆ ತುಂಬಿತಾ?"

"ನಹೀ." ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ಕೆಳಗೆ ಹಳಿ ನಡುಗತೊಡಗಿತ್ತು, ಇನ್ನೊಂದು ಟ್ರೇನು ಬರುತ್ತಿತ್ತು. "ಏಕ್ ಔರ್ ಆ ರಹೀ ಹೈ."

ಅಕ್ಕ ಗಂಭೀರವಾಗಿ ತಲೆಯಾಡಿಸಿ, ಪಕ್ಕಕ್ಕೆ ಸರಿದು ಆ ಟ್ರೇನಿಗೆ ದಾರಿ ಬಿಟ್ಟರು.